ನೀಲಿ ಮಾಸದ ಲೋಟ

ಎಂಜಲಿಗೆ ಒಂದು ಬಣ್ಣ ಇದ್ದಿದ್ದರೆ ಏನಾಗುತ್ತಿತ್ತು?

ಜಿಪುಣನನ್ನು ಬೈಯಬೇಕಾದರೂ ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಎಂಜಲನ್ನೇ ಎಳೆದು ತರುವ ಜನ ನಾವು. ಬಾಯಿ ತಾಗಿದ ಲೋಟ, ತಾಗದ ಲೋಟ, ತಾಗಿರಬಹುದಾದ ಲೋಟ ಎಂದು ಮೂರು ಬಗೆ ಮಾಡಿ, ಮೂರನೆಯದರ ಬಗ್ಗೆಯೇ ಹೆಚ್ಚು ತಲೆ ಕೆಡಿಸಿಕೊಂಡವರು. ಎಂಜಲು ಕಣ್ಣಿಗೆ ಕಾಣುತ್ತಿರಲಿಲ್ಲವಾದ್ದರಿಂದ ಸಂಸಾರಗಳು, ಹೋಟೆಲುಗಳು, ಮದುವೆ ಮನೆಗಳು ಹೇಗೋ ನಡೆದುಕೊಂಡು ಹೋಗುತ್ತಿದ್ದವು. ಡಾಕ್ಟರ್ ವಾರಿಜಾ ಅದನ್ನು ಕಣ್ಣಿಗೆ ಕಾಣಿಸಿಬಿಟ್ಟಳು.

ಅವಳ ಉದ್ದೇಶ ಒಳ್ಳೆಯದೇ ಇತ್ತು. ಒಳ್ಳೆಯ ಉದ್ದೇಶವಿಲ್ಲದೆ ಇಷ್ಟು ದೊಡ್ಡ ಅನಾಹುತ ಮಾಡುವುದು ಕಷ್ಟ.

ಭದ್ರಾವತಿಯ ಹೊರಗೆ, ಹೊಳೆಯ ದಂಡೆಗೆ ಅಂಟಿಕೊಂಡಂತೆ, ಲೋಹಗಳ ಮೇಲೆ ಲೇಪ ಹಾಕುವುದನ್ನೇ ಕಸುಬು ಮಾಡಿಕೊಂಡ ಒಂದು ಪ್ರಯೋಗಾಲಯವಿತ್ತು. ವಾರಿಜಾ ಅಲ್ಲಿ ಮುಖ್ಯ ವಿಜ್ಞಾನಿ. ಆ ವರ್ಷ ಸುತ್ತಲಿನ ಹಾಸ್ಟೆಲುಗಳಲ್ಲಿ ಗಂಟಲಮಾರಿ ಹರಡಿ ಒಬ್ಬ ಹುಡುಗಿ ಸತ್ತಳು. ಮಕ್ಕಳೆಲ್ಲ ಒಂದೇ ಬಕೆಟ್ಟಿಗೆ ಅದ್ದಿ ತೆಗೆದ ಲೋಟಗಳಲ್ಲೇ ನೀರು ಕುಡಿಯುತ್ತಿದ್ದರು. ಕೇಳಿದರೆ ತೊಳೆದಿದ್ದೇವೆ ಎನ್ನುತ್ತಿದ್ದರು. ತೊಳೆದರೆ ಸಾಲದು, ಕುದಿಸಬೇಕು. ಕುದಿಸಿದ್ದೀರೋ ಇಲ್ಲವೋ ಎಂದು ಲೋಟವೇ ಹೇಳುವಂತಿದ್ದರೆ ಎಂಬ ಯೋಚನೆ ವಾರಿಜಾಳಿಗೆ ಬಂದದ್ದು ಆಗ.

ಉಪಾಯ ಅವಳಿಗೆ ಹೈಸ್ಕೂಲಿನ ಪಾಠದಲ್ಲೇ ಸಿಕ್ಕಿತು. ಗಂಜಿಗೆ ಅಯೋಡಿನ್ ಹಾಕಿದರೆ ನೀಲಿಯಾಗುತ್ತದೆ, ಅದಕ್ಕೆ ಎಂಜಲು ಸೇರಿಸಿದರೆ ನೀಲಿ ಹೋಗುತ್ತದೆ. ಗಂಜಿಯಲ್ಲಿರುವ ಪಿಷ್ಟವೆಂದರೆ ಸಕ್ಕರೆಯ ಪುಟ್ಟ ಅಣುಗಳ ಉದ್ದನೆಯ ಸರಪಳಿ. ಒಂದು ಕೊಂಡಿಗೂ ಇನ್ನೊಂದಕ್ಕೂ ನಡುವೆ ಆಮ್ಲಜನಕದ ಒಂದು ಪರಮಾಣು. ಅದಕ್ಕಿರುವುದು ಎರಡೇ ಕೈ, ಎರಡರಲ್ಲೂ ಅಕ್ಕಪಕ್ಕದವರನ್ನು ಹಿಡಿದುಕೊಂಡಿರುತ್ತದೆ. ಎಲೆಕ್ಟ್ರಾನುಗಳನ್ನು ಪಾಲು ಮಾಡಿಕೊಂಡು ಕಟ್ಟಿದ ಈ ನಂಟಿಗೆ ಪಾಠಪುಸ್ತಕ ಸಹವೇಲೆನ್ಸಿಯ ಬಂಧ ಎಂದು ಹೆಸರಿಟ್ಟಿದೆ. ಸುಲಭಕ್ಕೆ ಬಿಡುವಂಥದ್ದಲ್ಲ. ಸರಪಳಿ ಸುರುಳಿ ಸುತ್ತಿಕೊಂಡಾಗ ಒಳಗೆ ಒಂದು ಓಣಿಯಾಗುತ್ತದೆ, ಆ ಓಣಿಯಲ್ಲಿ ಅಯೋಡಿನ್ ಸಾಲಾಗಿ ಹೋಗಿ ಕೂರುತ್ತದೆ. ಅದಕ್ಕೂ ಸರಪಳಿಗೂ ಅಂಥ ಗಟ್ಟಿ ಸಂಬಂಧವಿಲ್ಲ, ಜಾಗ ಸಿಕ್ಕಿತೆಂದು ಕೂತಿರುತ್ತದೆ ಅಷ್ಟೆ. ಆದರೆ ಹಾಗೆ ಕೂತಾಗಲೇ ಆ ಕಡುನೀಲಿ. ಎಂಜಲಿನಲ್ಲಿರುವ ಕಿಣ್ವ ಒಂದೊಂದೇ ನೀರಿನ ಅಣುವನ್ನು ತಂದು ಆಮ್ಲಜನಕದ ಕೈ ಬಿಡಿಸುತ್ತದೆ. ಸರಪಳಿ ತುಂಡಾಯಿತು, ಸುರುಳಿ ಹೋಯಿತು, ನೀಲಿಯೂ ಹೋಯಿತು.

ವಾರಿಜಾ ಮಾಡಿದ ಹೊಸ ಕೆಲಸವೆಂದರೆ ಈ ಸರಪಳಿಗಳನ್ನು ಸ್ಟೀಲಿನ ಮೈಗೇ ಬೇರು ಬಿಡಿಸಿದ್ದು. ತುಂಡಾದರೂ ತುಂಡುಗಳು ತೊಳೆದು ಹೋಗುವುದಿಲ್ಲ, ಅಯೋಡಿನ್ನೂ ಅಲ್ಲೇ ಸುಳಿದಾಡುತ್ತಿರುತ್ತದೆ. ಲೋಟವನ್ನು ಕುದಿಯುವ ನೀರಿಗೆ ಹಾಕಿದರೆ ಲೇಪದೊಳಗೇ ಇಟ್ಟ ಇನ್ನೊಂದು ವಸ್ತು ತುಂಡುಗಳನ್ನು ಮತ್ತೆ ಹೊಸೆಯುತ್ತದೆ. ಆರಿದ ಮೇಲೆ ನೀಲಿ ಮರಳುತ್ತದೆ. ಹೊಸ ಲೋಟ ಪೂರ್ತಿ ನೀಲಿ. ತುಟಿ ತಾಗಿದಲ್ಲಿ ಬಿದಿಗೆಯ ಚಂದ್ರನಂತೆ ಒಂದು ಬಿಳಿ ಗುರುತು. ಬಿಳಿ ಕಂಡರೆ ಕುದಿಸಿಲ್ಲ ಎಂದು ಅರ್ಥ. ಹಾಸ್ಟೆಲಿನ ವಾರ್ಡನ್ ಸುಳ್ಳು ಹೇಳಿದರೂ ಲೋಟ ಹೇಳುವುದಿಲ್ಲ.

ಹಾಸ್ಟೆಲುಗಳಲ್ಲಿ ಗಂಟಲಮಾರಿ ನಿಂತಿತು. ಇದನ್ನು ಮರೆಯುವುದು ನ್ಯಾಯವಲ್ಲ. ಮಕ್ಕಳು ಉಳಿದರು, ವಾರಿಜಾಳಿಗೆ ಶಾಲು ಹೊದಿಸಿದರು, ಪೇಪರಿನಲ್ಲಿ ಚಿತ್ರ ಬಂತು. ಆಮೇಲೆ ಶುಚಿಸ್ಪರ್ಶ ಎಂಬ ಒಂದು ಕಂಪನಿ ಬಂದು ಲೇಪವನ್ನು ಮಾರಲು ಹಕ್ಕು ಪಡೆಯಿತು. ಅಲ್ಲಿಗೆ ಕಥೆಯ ಒಳ್ಳೆಯ ಭಾಗ ಮುಗಿಯಿತು.

ಕಂಪನಿಯವರಿಗೆ ಗಂಟಲಮಾರಿಯಲ್ಲಿ ಆಸಕ್ತಿಯಿರಲಿಲ್ಲ. ನಮ್ಮ ಜನಕ್ಕೆ ಏನು ಬೇಕೆಂಬುದು ಅವರಿಗೆ ವಾರಿಜಾಳಿಗಿಂತ ಚೆನ್ನಾಗಿ ಗೊತ್ತಿತ್ತು. ಲೋಟ, ಚೊಂಬು, ತಟ್ಟೆ, ಸೌಟು, ಸಟ್ಟುಗ, ಎಲ್ಲಕ್ಕೂ ನೀಲಿ ಬಂತು. ಹೋಟೆಲುಗಳ ಮುಂದೆ 'ಇಲ್ಲಿ ನೀಲಿ ಪಾತ್ರೆಗಳು ಮಾತ್ರ' ಎಂದು ಬೋರ್ಡು ಬಿತ್ತು. ಒಂದು ಮದುವೆಯಲ್ಲಿ ಬೀಗರ ಪಂಕ್ತಿಗೆ ಬಂದ ಪಾಯಸದ ಸೌಟಿನ ಅಂಚಿನಲ್ಲಿ ಬಿಳಿ ಕಂಡು, ಗಂಡಿನ ಸೋದರಮಾವ ಎಲೆ ಬಿಟ್ಟು ಎದ್ದ. ಅದು ಅವನ ಹೆಂಡತಿಯದೇ ಬಾಯಿ ಎಂದು ಗೊತ್ತಾಗುವ ಹೊತ್ತಿಗೆ ಮುಹೂರ್ತ ಮೀರಿತ್ತು. ಇಂಥ ಕಥೆಗಳನ್ನು ಪ್ರಯೋಗಾಲಯದ ಕ್ಯಾಂಟೀನಿನಲ್ಲಿ ಹೇಳಿಕೊಂಡು ಎಲ್ಲರೂ ನಗುತ್ತಿದ್ದರು, ವಾರಿಜಾಳೂ ನಗುತ್ತಿದ್ದಳು.

ನಗದಿದ್ದವನು ಇಮ್ತಿಯಾಜ್. ವಾರಿಜಾಳ ಜೊತೆಗೇ ಕೆಲಸಕ್ಕೆ ಸೇರಿದ, ಅವಳಷ್ಟೇ ಓದಿದ, ಅವಳಿಗಿಂತ ಕಡಿಮೆ ಮಾತಿನ ವಿಜ್ಞಾನಿ. ಲೇಪದ ಪರೀಕ್ಷೆಗಳೆಲ್ಲ ಅವನ ಪಾಲಿನವು. ಲೋಟ ಮಾರುಕಟ್ಟೆಗೆ ಹೋಗುವ ಮುಂಚೆಯೇ ಅವನು ಒಮ್ಮೆ ಅವಳ ಮೇಜಿನ ಮೇಲೆ ಬೋಳು ಬಿಳಿ ಲೋಟವೊಂದನ್ನು ತಂದಿಟ್ಟಿದ್ದ.

"ಮೇಡಂ, ನಿಂಬೆಹಣ್ಣು ನಮ್ಮ ಲೋಟದ ಮಾನ ಕಳೀತು."

"ನಿಂಬೆಹಣ್ಣಾ?"

"ಅದರಲ್ಲಿರೋ ಸಿ ಜೀವಸತ್ವ. ಅಯೋಡಿನ್ನಿಗೆ ಎಲೆಕ್ಟ್ರಾನ್ ದಾನ ಮಾಡಿಬಿಡುತ್ತೆ. ಜೋಡಿ ಜೋಡಿಯಾಗಿದ್ದ ಅಯೋಡಿನ್ ಪರಮಾಣುಗಳು ಆಮೇಲೆ ಒಂದಕ್ಕೊಂದು ಬೇಕಾಗೋದೇ ಇಲ್ಲ. ಬೇರೆಯಾಗಿ, ಅಯಾನುಗಳಾಗಿ, ನೀರಿನ ಜೊತೆ ಹೊರಟುಹೋಗ್ತವೆ. ಇದನ್ನ ಎಷ್ಟು ಕುದಿಸಿದ್ರೂ ನೀಲಿ ವಾಪಸ್ ಬರಲ್ಲ."

"ಹಾಸ್ಟೆಲಲ್ಲಿ ಯಾರು ಪಾನಕ ಕೊಡ್ತಾರೆ, ಇಮ್ತಿಯಾಜ್? ಬಿಡಿ. ನೀರು ಕುಡಿಯೋ ಲೋಟ ಇದು."

ಅವನು ಬಿಟ್ಟ. ಅವಳೂ ಬಿಟ್ಟಳು. ಕಂಪನಿಯವರು ಸಟ್ಟುಗಕ್ಕೂ ಲೇಪ ಹಾಕುತ್ತೇವೆ ಎಂದಾಗ ಅವಳಿಗೆ ಇದು ನೆನಪಾಗಬೇಕಿತ್ತು. ನೆನಪಾಗಲಿಲ್ಲ.

ಮನೆಯಲ್ಲಿ ವಾರಿಜಾಳ ಅತ್ತೆ ಸೀತಾಲಕ್ಷಮ್ಮನವರಿಗೆ ನೀಲಿ ಲೋಟವೆಂದರೆ ಪಂಚಪ್ರಾಣ. ಸೊಸೆ ಓದಿದ್ದು ಕೊನೆಗೂ ಮನೆಗೆ ಉಪಯೋಗಕ್ಕೆ ಬಂತು ಎಂದು ಅವರು ಬಂದವರೆದುರೆಲ್ಲ ಹೇಳುತ್ತಿದ್ದರು. ಮನೆಗೆಲಸದವಳ ಲೋಟವನ್ನು ಅವರು ಮೊದಲಿನಿಂದಲೂ ಹಿತ್ತಲಿನ ಗೂಡಿನಲ್ಲಿ ಬೋರಲು ಹಾಕಿಡುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲೇ ವಾರಿಜಾ ಜಗಳವಾಡಿ ಅದನ್ನು ಅಡುಗೆಮನೆಯೊಳಕ್ಕೆ ತಂದಿದ್ದಳು. ಆ ಜಗಳದ ನೆನಪು ಅವಳಿಗೆ ಈಗಲೂ ಹಿತವಾಗಿತ್ತು.

ಕಗ್ಗಲಿಕೊಪ್ಪದ ಸುದ್ದಿ ಬಂದದ್ದು ಒಂದು ಮಧ್ಯಾಹ್ನ, ಇಮ್ತಿಯಾಜನ ಮೊಬೈಲಿನಲ್ಲಿ. ಊರು ಪ್ರಯೋಗಾಲಯದಿಂದ ಹೊಳೆಯಾಚೆ. ಹಿಂದಿನ ದಿನದ ವಿಡಿಯೋದಲ್ಲಿ ಸರ್ಕಾರಿ ಶಾಲೆಯ ಅಂಗಳ, ಖಾಲಿ ತಟ್ಟೆ ಹಿಡಿದು ನಿಂತ ಮಕ್ಕಳು, ಅವರ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸು. ಅಡುಗೆಯ ಚೌಡಕ್ಕ. ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷ ಓಂಕಾರಪ್ಪ ಒಂದು ಸಟ್ಟುಗವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದಾನೆ. ಬೆಳಗ್ಗೆ ನೀಲಿಯಾಗಿದ್ದ ಸಟ್ಟುಗ ಈಗ ಬಿಳಿ.

"ಊರ ಮಕ್ಕಳಿಗೆಲ್ಲ ಎಂಜಲು ತಿನ್ನಿಸಿದಾಳೆ ನೋಡ್ರಪ್ಪಾ! ಸಟ್ಟುಗ ನೆಕ್ಕಿ ನೆಕ್ಕಿ ಬಡಿಸಿದಾಳೆ!"

"ನಾನು ನೆಕ್ಕಿಲ್ಲ. ಅಷ್ಟಗಲದ್ದು ನೆಕ್ಕೋಕೆ ನಂದೇನು ಎಮ್ಮೆ ನಾಲಿಗೇನಾ?" ಎನ್ನುತ್ತಾಳೆ ಚೌಡಕ್ಕ. ಯಾರೋ ನಗುತ್ತಾರೆ. ಓಂಕಾರಪ್ಪ ನಗುವುದಿಲ್ಲ.

ಈ ಸಟ್ಟುಗವನ್ನು ಶಾಲೆಗೆ ದಾನ ಕೊಟ್ಟವನು ಓಂಕಾರಪ್ಪನೇ. ಕೇರಿಯವಳು ಅಡುಗೆ ಮಾಡುತ್ತಾಳೆ ಎಂದು ಕೆಲವರು ಮಕ್ಕಳಿಗೆ ಮನೆಯಿಂದ ಬುತ್ತಿ ಕಟ್ಟುತ್ತಿದ್ದರು. ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಹೇಳಿದರೆ ಕೇಸಾಗುತ್ತದೆ. ಎಂಜಲು ಎಂದರೆ ಕೇಸಿಲ್ಲ. ಎಂಜಲು ಎಂದರೆ ಸ್ವಚ್ಛತೆ, ಆರೋಗ್ಯ, ವಿಜ್ಞಾನ. ಅಂದು ಸಂಜೆಯೇ ಚೌಡಕ್ಕನಿಗೆ ನಾಳೆಯಿಂದ ಬರಬೇಡ ಎಂದರು. ಸಂಬಳ ಹೋದದ್ದು ಹಾಗಿರಲಿ, ಮಕ್ಕಳಿಗೆ ಎಂಜಲು ಬಡಿಸಿದವಳು ಎಂಬ ಹೆಸರು ಹೊತ್ತುಕೊಂಡು ಅವಳು ಅದೇ ಊರಿನಲ್ಲಿ ಬಾಳಬೇಕಿತ್ತು.

"ಮಾಡಿದ್ದು ಏನಂತೆ ಅವತ್ತು?" ವಾರಿಜಾ ಕೇಳಿದಳು. ಕೇಳುವ ಮೊದಲೇ ಅವಳಿಗೆ ಇಮ್ತಿಯಾಜ್ ಹಿಂದೆ ತಂದಿಟ್ಟಿದ್ದ ಆ ಬಿಳಿ ಲೋಟ ನೆನಪಾಗಿತ್ತು.

"ಚಿತ್ರಾನ್ನ," ಎಂದ ಇಮ್ತಿಯಾಜ್. ನಾನು ಆವತ್ತೇ ಹೇಳಿದ್ದೆ ಎಂದು ಅವನು ಹೇಳಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸಂಜೆ ಮನೆಗೆ ಹೋದರೆ ಅತ್ತೆಯೂ ಅದೇ ವಿಡಿಯೋ ನೋಡುತ್ತ ಕೂತಿದ್ದರು. ವಾರಿಜಾ ಬ್ಯಾಗನ್ನು ಕುರ್ಚಿಯ ಮೇಲೆ ಎಸೆದು, "ನನ್ನ ಲೋಟದಿಂದ ಆ ಹೆಂಗಸಿನ ಮಾನ ಹೋಯ್ತಮ್ಮ. ನನಗೆ ನಾಚಿಕೆಯಾಗುತ್ತೆ," ಎಂದಳು.

"ನಿನ್ನ ಲೋಟ ಇಲ್ದಿದ್ರೂ ಅವಳನ್ನ ಓಡಿಸ್ತಿದ್ರು ಕಣೆ. ನಿಂದು ನೆಪ ಅಷ್ಟೆ."

"ನೆಪ ಕೊಟ್ಟಿದ್ದು ನಾನೇ ಅಲ್ವಾ?"

ಸೀತಾಲಕ್ಷಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನೋಡು ವಾರಿಜಾ, ನಾನು ಹಳೇ ಕಾಲದೋಳು. ಭೇದ ಮಾಡ್ತೀನಿ, ಮಾಡ್ತೀನಿ ಅಂತ ಒಪ್ಕೋತೀನಿ. ನೀವು ಓದಿದೋರು ಮಾಡಲ್ಲ ಅಂತೀರಿ. ನಿಜವಾಗ್ಲೂ ಮಾಡದಿದ್ರೆ ಸಂತೋಷ."

"ನಾನು ಯಾವತ್ತು ಮಾಡಿದೀನಿ?"

"ನಾನೆಲ್ಲಿ ಮಾಡಿದೀಯ ಅಂದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀಯ? ಕೈಕಾಲು ತೊಳ್ಕೊಂಡು ಬಾ, ಕಾಫಿ ಆರ್ತಿದೆ."

ವಾರಿಜಾಳಿಗೆ ಸಿಟ್ಟು ಬಂತು, ಅತ್ತೆಯ ಮೇಲೆ. ಅತ್ತೆಯ ಮೇಲೆ ಬರುವ ಸಿಟ್ಟಿಗೆ ಒಂದು ಅನುಕೂಲವಿದೆ, ತಾನು ಸರಿ ಎಂದು ಅದು ನಂಬಿಸುತ್ತದೆ. ಕಗ್ಗಲಿಕೊಪ್ಪಕ್ಕೆ ತಾನೇ ಹೋಗಿ ಊರೆದುರು ನಿಜವನ್ನು ತೋರಿಸುತ್ತೇನೆ ಎಂದು ಅವಳು ತೀರ್ಮಾನಿಸಿದ್ದು ಆ ಸಿಟ್ಟಿನಲ್ಲೇ.

ಹೆಡ್‌ಮಿಸ್ಸಿಗೆ ಫೋನು ಮಾಡಿ ಸಭೆ ಕರೆಸಿದ್ದಾಯಿತು. ಇಮ್ತಿಯಾಜನೇ ಕಾರು ಓಡಿಸಿದ. ಶಾಲೆಯ ಅಂಗಳದಲ್ಲಿ ಅರ್ಧ ಊರು ಸೇರಿತ್ತು. ವಿಜ್ಞಾನಿ ಬರುತ್ತಾಳೆಂದರೆ ಹಾವಾಡಿಗ ಬಂದಷ್ಟೇ ಕುತೂಹಲ. ಚೌಡಕ್ಕ ಅಡುಗೆಕೋಣೆಯ ಕಂಬಕ್ಕೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ, ತಲೆಯನ್ನೂ ತಗ್ಗಿಸಿರಲಿಲ್ಲ. ವಾರಿಜಾ ನಮಸ್ಕಾರ ಎಂದಾಗ ಅವಳೂ ನಮಸ್ಕಾರ ಎಂದಳು, ಅಷ್ಟೆ.

ವಾರಿಜಾ ಒಲೆಯ ಮೇಲೆ ನೀರಿಡಿಸಿದಳು. ಆಮೇಲೆ ತಾನು ತಂದಿದ್ದ ಹೊಸ ನೀಲಿ ಸಟ್ಟುಗವೊಂದನ್ನು ಎಲ್ಲರಿಗೂ ತೋರಿಸಿ, ಊರೆದುರೇ ನಾಲಿಗೆ ಚಾಚಿ ಅದರ ಅಂಚನ್ನು ನೆಕ್ಕಿದಳು. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಒಬ್ಬ ಅಜ್ಜ ಶಿವಶಿವಾ ಎಂದ. ನೆಕ್ಕಿದ ಕಡೆ ನೋಡನೋಡುತ್ತಿದ್ದಂತೆ ನೀಲಿ ಮಾಸಿ ಬಿಳಿಯಾಯಿತು.

"ಇದು ಎಂಜಲು. ನಂದು. ಇದನ್ನ ಕುದಿಸ್ತೀನಿ. ಅದರ ಪಕ್ಕದಲ್ಲೇ ನೀವು ಹಿಡಿದ ಸಟ್ಟುಗಾನೂ ಕುದಿಸ್ತೀನಿ. ಎಂಜಲಾಗಿದ್ರೆ ಎರಡಕ್ಕೂ ನೀಲಿ ವಾಪಸ್ ಬರಬೇಕು."

ಎರಡನ್ನೂ ಕುದಿಸಿ, ತೆಗೆದು, ತಣ್ಣೀರಿಗೆ ಹಾಕಿದರು. ವಾರಿಜಾ ನೆಕ್ಕಿದ್ದು ನೀಲಿಯಾಯಿತು. ಚೌಡಕ್ಕನದು ಬಿಳಿಯಾಗೇ ಉಳಿಯಿತು. ಆಗ ವಾರಿಜಾ ಒಂದು ನಿಂಬೆಹಣ್ಣು ಕೇಳಿ, ಹೋಳು ಮಾಡಿ, ನೀಲಿ ಸಟ್ಟುಗದ ಮೇಲೆ ಹಿಂಡಿದಳು. ಹುಳಿ ಹರಿದಲ್ಲೆಲ್ಲ ಬಿಳಿ. ಮತ್ತೆ ಕುದಿಸಿದರು. ಬಿಳಿ ಹೋಗಲಿಲ್ಲ.

"ನೋಡಿ, ನಿಂಬೆಹಣ್ಣು ಅಯೋಡಿನ್ನನ್ನ ಬೇರೆ ಮಾಡಿ ಕಳಿಸಿಬಿಟ್ಟಿದೆ, ಅದಕ್ಕೇ ಬಣ್ಣ ಬರ್ತಿಲ್ಲ. ಅವತ್ತು ಇವರು ಚಿತ್ರಾನ್ನಕ್ಕೆ ನಿಂಬೆಹುಳಿ ಹಿಂಡಿ ಇದೇ ಸಟ್ಟುಗದಲ್ಲಿ ಕಲಸಿದ್ರು. ಈ ಸಟ್ಟುಗ ಬೆಳ್ಳಗಾಗಿದ್ದು ಎಂಜಲಿಂದ ಅಲ್ಲ. ಚೌಡಕ್ಕ ತಪ್ಪು ಮಾಡಿಲ್ಲ!"

ಹುಡುಗರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ದೊಡ್ಡವರೂ ತಟ್ಟಿದರು. ಓಂಕಾರಪ್ಪ ಕೆಟ್ಟವನಂತೆ ಕಾಣಲಿಲ್ಲ. ಕೆಟ್ಟವನಂತೆ ಕಂಡಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಅವನು ಕೈಮುಗಿದು, "ವಿಜ್ಞಾನ ಹೇಳಿದ ಮೇಲೆ ಆಯ್ತು. ನಮ್ದೇ ತಪ್ಪು. ಏ ಚೌಡೀ, ನಾಳೆಯಿಂದ ಬಾರೇ ಕೆಲಸಕ್ಕೆ," ಎಂದ. ಮತ್ತೆ ವಾರಿಜಾಳ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ಮೇಡಂ, ಒಂದು ವಿನಂತಿ. ನಿಂಬೆಹಣ್ಣಿಗೆ ಮೋಸ ಹೋಗದಂಥದ್ದು ಒಂದು ಮಾಡಿಕೊಡಿ. ಆಗ ಯಾರಿಗೂ ಗೊಂದಲ ಇರಲ್ಲ," ಎಂದ.

ಗೆದ್ದ ಸಂತೋಷ ವಾರಿಜಾಳ ತಲೆಗೇರಿತ್ತು. ನಿಂಬೆಯನ್ನು ತಡೆಯಲು ಲೇಪದ ಮೇಲೆ ಇನ್ನೊಂದು ತೆಳು ಪದರ ಕೊಟ್ಟರೆ ಹೇಗೆ ಎಂದು ಬುದ್ಧಿ ಆಗಲೇ ಲೆಕ್ಕ ಹಾಕತೊಡಗಿತ್ತು. ಅವಳ ಬಾಯಿಂದ, "ನೋಡೋಣ," ಎಂದು ಬಂತು.

ಅಂದ ತಕ್ಷಣ ಅವಳಿಗೆ ತಾನು ಏನು ಅಂದೆ ಎಂದು ತಿಳಿಯಿತು. ತಿರುಗಿ ನೋಡಿದರೆ ಚೌಡಕ್ಕ ಅವಳನ್ನೇ ನೋಡುತ್ತಿದ್ದಳು.

ಜನ ಚದುರಿದ ಮೇಲೆ ಚೌಡಕ್ಕ ಕಾರಿನ ಹತ್ತಿರ ಬಂದಳು. "ಇಷ್ಟು ದೂರ ನನ್ನ ಸಲುವಾಗಿ ಬಂದಿದೀರ. ನಮ್ಮನೇಲಿ ಒಂದು ತೊಟ್ಟು ನೀರು ಕುಡ್ಕೊಂಡು ಹೋಗ್ರಿ ಮೇಡಮ್ಮೋರೆ. ಕೆರೆ ಹಿಂದೇನೆ."

ವಾರಿಜಾಳಿಗೆ ಬಹಳ ಸಂತೋಷವಾಯಿತು. ನೋಡೋಣ ಎಂದ ಮಾತನ್ನು ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಓಂಕಾರಪ್ಪ ಕಾಫಿಗೆ ಕರೆದಿದ್ದನ್ನು ಬೇಡವೆಂದು ಈ ಮನೆಗೆ ಹೋಗುತ್ತಿರುವುದನ್ನು ನಾಲ್ಕು ಜನ ನೋಡಲಿ ಎಂದೂ ಅವಳಿಗೆ ಅನಿಸಿತು. ಅನಿಸಿದ್ದಕ್ಕೆ ಸ್ವಲ್ಪ ಮುಜುಗರವೂ ಆಯಿತು, ಆದರೆ ಅದು ಸಣ್ಣ ಮುಜುಗರ.

ಕೆರೆ ಏರಿಯ ಮೇಲೆ ನಡೆಯುವಾಗ ಚೌಡಕ್ಕ ಕೇಳಿದಳು, "ಒಂದು ಮಾತು ಕೇಳ್ಲಾ? ನಾನು ನೆಕ್ಕಿಲ್ಲ ಅಂತ ತೋರಿಸಿದ್ರಿ. ಒಳ್ಳೇದಾಯ್ತು. ಅಕಸ್ಮಾತ್ ಉಪ್ಪು ನೋಡೋಕೆ ಅಂತ ಅಂಚಿಗೆ ನಾಲಿಗೆ ತಾಗಿಸಿದ್ದಿದ್ರೆ?"

"ಅದು... ಆರೋಗ್ಯದ ದೃಷ್ಟಿಯಿಂದ ಸರಿಯಲ್ಲ, ಯಾರು ಮಾಡಿದ್ರೂ."

"ಅಯ್ಯೋ, ಅದು ನಂಗೂ ಗೊತ್ತು. ನಾನು ಅಂಗೈಗೆ ಹಾಕ್ಕೊಂಡೇ ರುಚಿ ನೋಡೋದು. ನಾ ಕೇಳಿದ್ದು ಅದಲ್ಲ. ನಂಗಿಂತ ಮುಂಚೆ ಇದ್ದ ಊರೊಳಗಿನ ಅಡುಗೆಯಮ್ಮ ಸೌಟನ್ನೇ ಬಾಯಿಗಿಟ್ಟು ನೋಡೋಳು, ನಾನೇ ಕಣ್ಣಾರೆ ಕಂಡಿದೀನಿ. ಆಗ ಯಾರೂ ಸಟ್ಟುಗ ತಂದು ಕ್ವಡಲಿಲ್ಲ. ನೀವು ನಿಂಬೆಹಣ್ಣಿಗೆ ನ್ಯಾಯ ಹೇಳಿದ್ರಿ. ನಂಗೆ ಹೇಳಲಿಲ್ಲ."

ಇಮ್ತಿಯಾಜ್ ಕೆರೆಯ ನೀರು ನೋಡುತ್ತ ನಡೆಯುತ್ತಿದ್ದ. ಪರಮಾಣುವಿಗೆ ಜಾತಿಯಿಲ್ಲ, ನಿಮ್ಮ ಎಂಜಲಿನ ಕಿಣ್ವವೂ ಓಂಕಾರಪ್ಪನ ಎಂಜಲಿನ ಕಿಣ್ವವೂ ಒಂದೇ ಬಂಧವನ್ನು ಒಂದೇ ರೀತಿ ಮುರಿಯುತ್ತವೆ ಎಂದು ಹೇಳಬೇಕೆಂದು ವಾರಿಜಾಳಿಗೆ ಅನಿಸಿತು. ಅದನ್ನು ಶಾಲೆಯ ಅಂಗಳದಲ್ಲಿ, ಅಷ್ಟು ಜನರೆದುರು ಹೇಳಬೇಕಿತ್ತು. ಇಲ್ಲಿ ಚೌಡಕ್ಕನೊಬ್ಬಳಿಗೇ ಹೇಳಿ ಏನು ಪ್ರಯೋಜನ?

ಮನೆ ಚಿಕ್ಕದು, ತಾರಸಿಯದು, ಬಾಗಿಲ ಮುಂದೆ ಒಂದು ದಾಸವಾಳದ ಗಿಡ. ಚೌಡಕ್ಕ ಚಾಪೆ ಹಾಸಿ, ಒಳಗಿನಿಂದ ಬೆಲ್ಲದ ಚೂರುಗಳನ್ನೂ ಎರಡು ಲೋಟ ನೀರನ್ನೂ ತಂದಳು. ಪಂಚಾಯ್ತಿಯವರು ಮನೆಮನೆಗೂ ಹಂಚಿದ್ದ ನೀಲಿ ಲೋಟಗಳು ಅವು. ದಿನಾ ಕುದಿಸಲು ಸೌದೆ ಎಲ್ಲಿಂದ ಬರಬೇಕು? ಇಮ್ತಿಯಾಜನ ಕೈಗೆ ಬಂದ ಲೋಟ ತೊಳೆದು ಫಳಫಳ ಎನ್ನುತ್ತಿತ್ತು, ಆದರೆ ಅಂಚೆಲ್ಲ ಮನೆಮಂದಿಯ ಬಾಯಿಗಳಿಂದ ಬಿಳಿಯಾಗಿತ್ತು. ವಾರಿಜಾಳಿಗೆ ಕೊಟ್ಟದ್ದು ಯಾರೂ ಮುಟ್ಟದೆ ಎತ್ತಿಟ್ಟಿದ್ದ ಲೋಟ, ತುದಿಯಿಂದ ತಳದವರೆಗೆ ನೀಲಿ.

ಇಮ್ತಿಯಾಜ್ ಬೆಲ್ಲ ಬಾಯಿಗೆ ಹಾಕಿಕೊಂಡು, ಲೋಟ ಕಚ್ಚಿ ಗಟಗಟ ಕುಡಿದು, "ಒಳ್ಳೆ ನೀರು," ಎಂದ.

ವಾರಿಜಾಳಿಗೂ ಬಾಯಾರಿತ್ತು. ಬಿಸಿಲಿನಲ್ಲಿ ಅಷ್ಟು ಮಾತಾಡಿದ್ದಳು. ಬೆಲ್ಲ ತಿಂದು, ಕತ್ತು ಹಿಂದಕ್ಕೆ ವಾಲಿಸಿ, ಲೋಟವನ್ನು ಮೇಲೆತ್ತಿ, ಒಂದು ಹನಿಯೂ ಚೆಲ್ಲದಂತೆ ಗಂಟಲಿಗೆ ಸುರಿದುಕೊಂಡಳು. ಮುಕ್ಕಾಲು ಕುಡಿದು, ಸಾಕಾಗಿ, ಲೋಟವನ್ನು ಚಾಪೆಯ ಪಕ್ಕ ಇಟ್ಟಳು.

ಇಟ್ಟ ಮೇಲೆ ನೋಡಿದಳು. ಲೋಟದ ಅಂಚು ಸುತ್ತಲೂ ನೀಲಿ. ಎಲ್ಲೂ ಒಂದು ಗೀರು ಬಿಳಿಯಿಲ್ಲ. ಅದರ ಪಕ್ಕದಲ್ಲೇ ಇಮ್ತಿಯಾಜನ ಲೋಟ.

ಪ್ರಯೋಗಾಲಯದಲ್ಲಿ ಅವಳು ಕಾಫಿಯ ಲೋಟವನ್ನು ಮುಗಿದ ಮೇಲೂ ಕಚ್ಚಿಕೊಂಡು ಕೂರುವವಳು. ಕ್ಯಾಂಟೀನಿನವರು ಅದಕ್ಕೆ ತಮಾಷೆ ಮಾಡುತ್ತಿದ್ದರು. ಮನೆಯಲ್ಲೂ, ಗೆಳತಿಯರ ಮನೆಯಲ್ಲೂ, ಹೋಟೆಲಿನಲ್ಲೂ ಅವಳು ಎತ್ತಿ ಕುಡಿದದ್ದಿಲ್ಲ. ಇಲ್ಲಿ ಎತ್ತಿ ಕುಡಿಯಬೇಕೆಂದು ಅವಳು ಯೋಚಿಸಿಯೂ ಇರಲಿಲ್ಲ. ಅವಳನ್ನು ಸುಟ್ಟದ್ದು ಅದೇ. ಯೋಚಿಸಿ ಮಾಡಿದ್ದರೆ ಬಿಡಬಹುದಿತ್ತು. ಇದು ಅವಳನ್ನು ಕೇಳದೆ ಕೈ ಮಾಡಿದ ಕೆಲಸ. ಕಿವಿ, ಕೆನ್ನೆ, ಕತ್ತು ಎಲ್ಲ ಬಿಸಿಯಾದವು. ಇಡೀ ಊರೆದುರು ನಾಲಿಗೆ ಚಾಚಿ ಸಟ್ಟುಗ ನೆಕ್ಕಿದವಳಿಗೆ ಈಗ ತಲೆಯೆತ್ತಲು ಆಗಲಿಲ್ಲ.

"ಇದು... ನನಗೆ ಚಿಕ್ಕಂದಿನಿಂದ ಅಭ್ಯಾಸ," ಎಂದಳು. ಸುಳ್ಳು ಎಂದು ಹೇಳುವಾಗಲೇ ಗೊತ್ತಿತ್ತು. ಇಮ್ತಿಯಾಜನಿಗೂ ಗೊತ್ತಿತ್ತು. ಅವನು ಎದ್ದು, ಕಾರು ತಿರುಗಿಸಿಟ್ಟಿರುತ್ತೇನೆ ಎಂದು ಹೊರಟ.

"ಇರ್ಲಿ ಬಿಡ್ರಿ," ಎಂದಳು ಚೌಡಕ್ಕ. ಅವಳ ಕಣ್ಣು ಲೋಟದ ಮೇಲೇ ಇತ್ತು.

ವಾರಿಜಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಉಳಿದ ನೀರು ಕುಡಿಯಲೆಂದು ಬೇಗ ಬೇಗ ತುಟಿಗೆ ತಂದಳು. ತಾಗುವ ಮೊದಲೇ ಚೌಡಕ್ಕನ ಅಂಗೈ ಲೋಟದ ಬಾಯಿಗೆ ಅಡ್ಡ ಬಂತು.

"ಬ್ಯಾಡ ಮೇಡಮ್ಮೋರೆ. ಈಗ ಕಚ್ಚಿದ್ರೆ ಅದು ನೀರು ಕುಡಿದಂಗಲ್ಲ. ಲೋಟದ ಕೈಲಿ ಸಾಕ್ಷಿ ಹೇಳಿಸಿದಂಗೆ."

ಅವಳು ಲೋಟವನ್ನು ಮೆಲ್ಲಗೆ ಬಿಡಿಸಿಕೊಂಡಳು. ಉಳಿದ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿದಳು. ಇಮ್ತಿಯಾಜನ ಲೋಟವನ್ನು ಬಾಗಿಲ ಪಕ್ಕದ ಕಲ್ಲಿನ ಮೇಲಿಟ್ಟು ಬೂದಿ ಹಾಕಿ ಉಜ್ಜಿದಳು, ನೀರು ಹಾಕಿ ತೊಳೆದಳು. ಆಮೇಲೆ ವಾರಿಜಾಳ ಲೋಟವನ್ನು ಎತ್ತಿಕೊಂಡು, ಅದರ ಅಂಚನ್ನು ಒಂದು ಸುತ್ತು ನೋಡಿದಳು. ತೊಳೆಯದೆ ಹಾಗೇ ಒಳಗೆ ಒಯ್ದು ಗೂಡಿನಲ್ಲಿಟ್ಟಳು.

"ಇದುಕ್ಕೆ ತೊಳೆಯೋ ಕೆಲಸ ಇಲ್ಲ," ಎಂದಳು.